ಕುರ್ಚಿ ಹೊರಿಸಿದ್ದು ಸಾಕು, ಲೆಕ್ಕದ ಪುಸ್ತಕ ಕೊಡಿ

ಪ್ರಶ್ನೆ: ನಾನು ಕುಮಟಾ ತಾಲೂಕಿನ ಹೊಳೆಯಂಚಿನ ಒಂದು ಹಳ್ಳಿಯವನು. ವಯಸ್ಸು 54. ನಮ್ಮ ಯುವಕ ಸಂಘ ಶುರುವಾಗಿ ಮೂವತ್ತು ವರ್ಷವಾಯಿತು. ಈಗಲೂ ನಾನೇ ಕಾರ್ಯದರ್ಶಿ. ಗಣೇಶ ಚೌತಿಗೆ, ಯಕ್ಷಗಾನಕ್ಕೆ, ಕ್ರಿಕೆಟ್ ಟೂರ್ನಿಗೆ ಹುಡುಗರು ಬರುತ್ತಾರೆ. ಗ್ರಾಮಸಭೆಗೆ, ಶ್ರಮದಾನಕ್ಕೆ ಕರೆದರೆ ಒಬ್ಬನೂ ಇಲ್ಲ. ಹುಡುಗಿಯರಂತೂ ಸಂಘದ ಮೆಟ್ಟಿಲು ಹತ್ತುವುದಿಲ್ಲ. ಎಲ್ಲರೂ ಮೊಬೈಲ್ ಹಿಡಿದು ಕೂತಿರುತ್ತಾರೆ. ಮುಂಬೈಯಲ್ಲಿರುವ ನಮ್ಮೂರಿನವರೊಬ್ಬರು ಎರಡು ಕಂಪ್ಯೂಟರ್ ಕೊಟ್ಟಿದ್ದಾರೆ. ಹಾಳಾದೀತು ಎಂದು ಕೋಣೆಗೆ ಬೀಗ ಹಾಕಿಟ್ಟಿದ್ದೇನೆ. ಡಿಜಿಟಲ್ ತರಬೇತಿ ಕೊಡಿಸಿದರೆ ಹುಡುಗರು ಊರ ಕೆಲಸಕ್ಕೆ ಬಂದಾರೇ? ಎಲ್ಲಿಂದ ಶುರು ಮಾಡಬೇಕು?

ಉತ್ತರ: ನಮಸ್ಕಾರ. ತರಬೇತಿ ಕೊಡಿಸಿದರೆ ತರಬೇತಿಯ ದಿನ ಖಂಡಿತ ಬರುತ್ತಾರೆ. ಚಹಾ, ಅವಲಕ್ಕಿ ಆಗುತ್ತದೆ. ಗುಂಪು ಫೋಟೊ ಆಗುತ್ತದೆ. ಪ್ರಮಾಣಪತ್ರ ಹಂಚುತ್ತೀರಿ. ಮರುದಿನ ಕೋಣೆಗೆ ಮತ್ತೆ ಬೀಗ ಬೀಳುತ್ತದೆ. ಬೇರೆಯವರ ಊರು ನೋಡಿ ಈ ಮಾತು ಹೇಳುತ್ತಿಲ್ಲ. ನಾನೇ ಹೀಗೆ ಮಾಡಿದ್ದೇನೆ.

ಕಾರವಾರದ ಕಡೆ ಕಾಲೇಜಿನಲ್ಲಿ ಪಾಠ ಮಾಡುತ್ತಾ, ಬಿಟ್ಟು ಬಿಟ್ಟು ಎಂಟು ವರ್ಷ ರಾಷ್ಟ್ರೀಯ ಸೇವಾ ಯೋಜನೆ, ಅಂದರೆ ಎನ್‌ಎಸ್‌ಎಸ್ ನೋಡಿಕೊಂಡವಳು ನಾನು. ಗಾಂಧೀಜಿ ಹುಟ್ಟಿ ನೂರು ವರ್ಷವಾದಾಗ, 1969ರ ಸೆಪ್ಟೆಂಬರ್ 24ರಂದು ಶುರುವಾದ ಯೋಜನೆ ಅದು. ವರ್ಷಕ್ಕೆ 120 ಗಂಟೆ ಸೇವೆ, ಎರಡು ವರ್ಷಕ್ಕೆ 240 ಗಂಟೆ, ನಡುವೆ ಏಳು ದಿನದ ಒಂದು ಶಿಬಿರ. ಗಂಟೆಯ ಲೆಕ್ಕ ನಾವು ಎಂದೂ ತಪ್ಪಿಸಲಿಲ್ಲ. ಒಂದು ವರ್ಷ ಘಟ್ಟದ ಬುಡದ ಹಳ್ಳಿಯೊಂದರಲ್ಲಿ ಶಿಬಿರ. ಐವತ್ತು ಮಕ್ಕಳು ಸೇರಿ ಇಂಗುಗುಂಡಿ ತೋಡಿದರು. ಚಿರೆಕಲ್ಲಿನ ಗಟ್ಟಿ ನೆಲ. ಅಂಗೈಯಲ್ಲಿ ಬೊಬ್ಬೆ ಎದ್ದರೂ ಬಿಡಲಿಲ್ಲ. ಮರುವರ್ಷ ಹೋಗಿ ನೋಡಿದರೆ ಗುಂಡಿಗಳೆಲ್ಲ ಮಣ್ಣು ತುಂಬಿ ನೆಲಕ್ಕೆ ಸಮವಾಗಿದ್ದವು. ಜೊತೆಗಿದ್ದ ಹುಡುಗಿಯೊಬ್ಬಳು ಹೇಳಿದಳು: "ಮೇಡಂ, ನೀರು ಮಣ್ಣು ಸಮೇತ ಇಲ್ಲೇ ನುಗ್ಗಿ ಬರ್ತದೆ ಅಂತ ನಂಗೆ ಹೋದ ವರ್ಷವೇ ಅನಿಸಿತ್ತು." ಮತ್ತೆ ಹೇಳಲಿಲ್ಲ ಯಾಕೆ ಎಂದೆ. "ಯಾರೂ ಕೇಳಲಿಲ್ಲ" ಎಂದಳು.

ಜಾಗ ಗೊತ್ತು ಮಾಡಿದ್ದು ನಾನು ಮತ್ತು ಊರಿನ ನಾಲ್ಕು ಹಿರಿಯರು. ಒಂದು ಸಂಜೆ ಜಗಲಿಯಲ್ಲಿ ಕೂತು ಮುಗಿಸಿದ್ದೆವು. ಮಕ್ಕಳ ಕೈಗೆ ಪಿಕಾಸಿ ಕೊಟ್ಟೆವು, ಅಷ್ಟೇ. ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಈಗ ನಿಮ್ಮ ಪತ್ರಕ್ಕೆ ಬರುತ್ತೇನೆ. ಹುಡುಗರು ಕ್ರಿಕೆಟ್ ಟೂರ್ನಿಗೆ ಬರುತ್ತಾರೆ ಎಂದು ಬರೆದಿದ್ದೀರಿ. ಟೂರ್ನಿ ನಡೆಸುವವರು ಯಾರು? ತಂಡಗಳ ಪ್ರವೇಶ ಶುಲ್ಕ ಸೇರಿಸುವವರು, ಪಂದ್ಯದ ಪಟ್ಟಿ ಮಾಡುವವರು, ಬ್ಯಾನರ್ ಬರೆಸುವವರು, ಯೂಟ್ಯೂಬಿನಲ್ಲಿ ನೇರ ತೋರಿಸುವವರು ಅವರೇ ಅಲ್ವಾ? ದುಡ್ಡು ಕಡಿಮೆ ಬಿದ್ದರೆ ಯಾರ ಹತ್ತಿರ ಕೇಳಬೇಕು ಎಂದೂ ಅವರೇ ತೀರ್ಮಾನಿಸುತ್ತಾರೆ. ಅಂದರೆ ನಿಮ್ಮೂರ ಹುಡುಗರಿಗೆ ಜವಾಬ್ದಾರಿ ಹೊರಲು ಬರುತ್ತದೆ. ಊರ ಕೆಲಸದಲ್ಲಿ ಮಾತ್ರ ಅವರಿಗೆ ಸಿಗುವುದು ಕುರ್ಚಿ ಹೊರುವ, ಚಪ್ಪರ ಕಟ್ಟುವ, ಊಟ ಬಡಿಸುವ ಪಾಲು. ತೀರ್ಮಾನ ಮತ್ತು ಜಮಾಖರ್ಚಿನ ಪುಸ್ತಕ ದೊಡ್ಡವರ ಹತ್ತಿರ. ತರಬೇತಿಗಿಂತ ಮೊದಲು ಸರಿಮಾಡಬೇಕಾದ್ದು ಇದನ್ನು.

ನಮ್ಮ ಜಿಲ್ಲೆಯಲ್ಲಿ ಹುಡುಗರು ಊರ ಕೆಲಸಕ್ಕೆ ಹಿಂದೆ ಬಿದ್ದವರಲ್ಲ. 1930ರ ಏಪ್ರಿಲ್‌ನಲ್ಲಿ ಅಂಕೋಲೆಯ ಕಡಲ ದಂಡೆಯಲ್ಲಿ ಉಪ್ಪಿನ ಕಾನೂನು ಮುರಿದಾಗ ಜನ ಸಾಗರದಂತೆ ಸೇರಿದರು. ಮುಂದೆ ಕರನಿರಾಕರಣೆಯಲ್ಲಿ ಅಂಕೋಲಾ, ಸಿದ್ದಾಪುರದ ಮನೆಮನೆಯವರು ಜಮೀನು ಕಳೆದುಕೊಂಡರೂ ಬಗ್ಗಲಿಲ್ಲ. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ತಾಲೂಕಿನ ಸಾಲ್ಕಣಿಯವರು ಕಳಾಸೆ ಕಾಡಿಗೆ ನಡೆದುಹೋಗಿ ಮರ ಅಪ್ಪಿಕೊಂಡು ನಿಂತರು. ಅಪ್ಪಿಕೋ ಚಳವಳಿಯಲ್ಲಿ ಯುವಕ ಮಂಡಳಿಗಳ ಹುಡುಗರೂ ಇದ್ದರು. ಮರ ಹೋದರೆ ತಮ್ಮೂರ ನೀರು ಹೋಗುತ್ತದೆ ಎಂದು ಅವರಿಗೆ ಗೊತ್ತಿತ್ತು. ಯಾಕೆ ಎಂದು ಗೊತ್ತಿದ್ದವರನ್ನು ಹೆಚ್ಚು ಕರೆಯಬೇಕಾಗಿಲ್ಲ.

ಮೊಬೈಲ್ ಹಿಡಿದು ಕೂತಿರುತ್ತಾರೆ ಎಂಬ ಬೇಸರ ನನಗೆ ಅರ್ಥವಾಗುತ್ತದೆ. ಆದರೆ ಅವರಿಗೆ ಡಿಜಿಟಲ್ ವಿದ್ಯೆ ಬಂದುಬಿಟ್ಟಿದೆ ಎಂದುಕೊಳ್ಳಬೇಡಿ. ರೀಲ್ಸ್ ಮಾಡುತ್ತಾರೆ, ಹಣ ಕಳಿಸುತ್ತಾರೆ. ಒಂದು ಅರ್ಜಿಯನ್ನು ಪಿಡಿಎಫ್ ಮಾಡಿ ಇಮೇಲ್ ಕಳಿಸು ಎಂದರೆ ಡಿಗ್ರಿ ಓದುವವರೂ ತಡಬಡಿಸುತ್ತಾರೆ. ಇಪ್ಪತ್ತು ಮನೆಯ ಹೆಸರು, ಬಾವಿಯ ಆಳ, ಫೋನ್ ನಂಬರನ್ನು ಒಂದು ಎಕ್ಸೆಲ್ ಹಾಳೆಯಲ್ಲಿ ಸರಿಯಾಗಿ ತುಂಬಲು ಬರುವುದಿಲ್ಲ. ಕನ್ನಡ ಟೈಪಿಂಗ್ ಎಂದರೆ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ. ನಿಮ್ಮ ಕಂಪ್ಯೂಟರಿನಲ್ಲಿ ಮೊದಲು ಹಾಕಬೇಕಾದ್ದು ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ. ನುಡಿ ತಂತ್ರಾಂಶದಲ್ಲಿ ಇರುವುದು ಅದೇ. ದಿನಕ್ಕೆ ಅರ್ಧ ಗಂಟೆ ಕೂತರೆ ಮೂರು ವಾರಕ್ಕೆ ಕೈ ಕೂರುತ್ತದೆ. ಟೈಪ್ ಮಾಡುವಾಗ ಯಾವ ಯಂತ್ರದಲ್ಲೂ ಓದಲು ಬರುವ ಯುನಿಕೋಡ್‌ನಲ್ಲೇ ಮಾಡಿಸಿ. ಹಳೆಯ ಫಾಂಟಿನಲ್ಲಿ ಬರೆದದ್ದು ಬೇರೆ ಕಡೆ ತೆರೆದರೆ ಓದಲು ಬಾರದ ಚಿಹ್ನೆಗಳಾಗುತ್ತವೆ, ಹುಡುಕಿದರೂ ಸಿಗುವುದಿಲ್ಲ. ಹಾಗಂತ ಸುಮ್ನೆ ಪಾಠದ ವಾಕ್ಯ ಟೈಪ್ ಮಾಡಿಸಬೇಡಿ. ನಿಮ್ಮ ಸಂಘದ ಮೂವತ್ತು ವರ್ಷದ ಠರಾವು ಪುಸ್ತಕ ಇದೆಯಲ್ಲ, ಅದನ್ನು ಕೊಡಿ. ಯಾವ ವರ್ಷ ಏನು ತೀರ್ಮಾನವಾಯಿತು, ಯಾವುದು ಆಗಲೇ ಇಲ್ಲ ಎಂದು ಟೈಪ್ ಮಾಡುತ್ತಾ ಓದಿಕೊಳ್ಳುತ್ತಾರೆ. ನೀವು ಹತ್ತಿರ ಕೂತಿದ್ದರೆ ಪ್ರಶ್ನೆಗಳೂ ಬರುತ್ತವೆ. ಆ ಪ್ರಶ್ನೆಗಳೇ ನಿಮಗೆ ಬೇಕಾಗಿರುವುದು.

ಒಂದು ಘಟನೆ ಹೇಳುತ್ತೇನೆ. ಅಂಕೋಲಾ ಕಡೆಯ ಒಂದು ಪಂಚಾಯಿತಿ ಗ್ರಂಥಾಲಯ. ಈಗ ಅರಿವು ಕೇಂದ್ರ ಎನ್ನುತ್ತಾರೆ. ಭಾನುವಾರ ಬೆಳಿಗ್ಗೆ ನಾನೂ ಅಲ್ಲಿದ್ದೆ. ಮೀನು ಮಾರುವ ಅಜ್ಜಿಯೊಬ್ಬರು ಬುಟ್ಟಿ ಬಾಗಿಲ ಹೊರಗಿಟ್ಟು ಒಳಗೆ ಬಂದರು. ಐದು ತಿಂಗಳಿಂದ ಪಿಂಚಣಿ ಬಂದಿಲ್ಲ. ಬಂದ್ ಆಗಿದೆ ಎಂದು ಯಾರೋ ಹೇಳಿದ್ದಾರೆ. ಬ್ಯಾಂಕಿಗೆ ಎರಡು ಸಲ ಹೋಗಿ, ಎರಡು ದಿನದ ವ್ಯಾಪಾರ ಕಳೆದುಕೊಂಡಿದ್ದರು. ಡಿಗ್ರಿ ಎರಡನೇ ವರ್ಷದ ಹುಡುಗಿಯೊಬ್ಬಳು ಕಂಪ್ಯೂಟರ್ ಮುಂದೆ ಇದ್ದಳು. ಆಧಾರ್‌ನ ಅಧಿಕೃತ ಜಾಲತಾಣ ತೆರೆದಳು. ಯಾವ ಬ್ಯಾಂಕಿಗೆ ಆಧಾರ್ ಜೋಡಣೆಯಾಗಿದೆ ಎಂದು ಅಲ್ಲಿ ನೋಡಬಹುದು. ಒಟಿಪಿ ಅಜ್ಜಿಯ ಫೋನಿಗೆ ಬಂತು. ಅಜ್ಜಿ ಸೊಂಟದ ಚೀಲದಿಂದ ಸಣ್ಣ ಫೋನ್ ತೆಗೆದು ಹುಡುಗಿಯ ಕೈಗೆ ಕೊಡಲು ಹೋದರು. ಅವಳು ತೆಗೆದುಕೊಳ್ಳಲಿಲ್ಲ. "ಅಜ್ಜಿ, ಅದು ನಿಮ್ಮದು. ನೀವೇ ನೋಡಿ ಒತ್ತಿ" ಎಂದು ಕೀಲಿಮಣೆಯನ್ನು ಅವರ ಕಡೆ ತಿರುಗಿಸಿದಳು. ಅಕ್ಷರ ಬಾರದ ಅಜ್ಜಿಗೆ ಅಂಕಿ ಚೆನ್ನಾಗಿ ಬರುತ್ತದೆ, ಮೀನು ಮಾರುವವರಲ್ಲವೇ. ಒಂದೊಂದೇ ಅಂಕಿ ನೋಡಿ, ಒದ್ದೆ ಬೆರಳನ್ನು ಸೀರೆಗೆ ಒರೆಸಿಕೊಂಡು, ಆರೂ ಅಂಕಿ ತಾವೇ ಒತ್ತಿದರು. ಪರದೆಯ ಮೇಲೆ ಬೇರೆಯೇ ಬ್ಯಾಂಕಿನ ಹೆಸರು ಬಂತು. ಸಾಲಕ್ಕೆಂದು ಕೆಲವು ತಿಂಗಳ ಹಿಂದೆ ಅಲ್ಲಿ ಒಂದು ಖಾತೆ ತೆರೆದಿದ್ದರಂತೆ. ಆಧಾರ್ ಆಧಾರಿತ ಹಣ ಕೊನೆಗೆ ಜೋಡಣೆಯಾದ ಖಾತೆಗೆ ಹೋಗುತ್ತದೆ. ಪಿಂಚಣಿ ನಿಂತಿರಲಿಲ್ಲ, ಅಲ್ಲಿ ಸೇರುತ್ತಿತ್ತು.

ಆಮೇಲೆ ನಡೆದದ್ದು ನನಗೆ ಇನ್ನೂ ಮುಖ್ಯ. ಆ ಹುಡುಗಿ ಒಂದು ನೋಟ್‌ಬುಕ್ ಇಟ್ಟಳು. ಹೆಸರು, ಯಾವ ತೊಂದರೆ, ಯಾವತ್ತು ಬಂದರು, ಏನಾಯಿತು. ಆಧಾರ್ ನಂಬರ್ ಬರೆಯಲಿಲ್ಲ. ಎರಡು ಪುಟ ತುಂಬುವಷ್ಟರಲ್ಲಿ ಅವಳಿಗೇ ಒಂದು ವಿಷಯ ಕಂಡಿತು. ಒಂದೇ ಕೇರಿಯ ಏಳೆಂಟು ಹೆಂಗಸರಿಗೆ ಒಂದೇ ತೊಂದರೆ. ಮುಂದಿನ ಗ್ರಾಮಸಭೆಗೆ ಹೋಗಿ, ಬ್ಯಾಂಕಿನವರು ಒಂದು ದಿನ ಆ ಕೇರಿಗೇ ಬರಬೇಕು ಎಂದು ಕೇಳಿದಳು. ಗ್ರಾಮಸಭೆಗೆ ಅವಳನ್ನು ಯಾರೂ ಕರೆದಿರಲಿಲ್ಲ. ಕೈಯಲ್ಲಿ ಪುಸ್ತಕ ಇತ್ತು, ಹೋದಳು.

ನಿಮ್ಮೂರಿನಲ್ಲೂ ಇಂಥ ಒಂದು ಕೆಲಸ ಹುಡುಕಿ. ಒಂದೇ ಸಾಕು. ಊರಿಗೆ ನಿಜವಾಗಿ ಬೇಕಾಗಿರಬೇಕು, ಹುಡುಗರ ಫೋನ್ ಅದಕ್ಕೆ ಉಪಯೋಗಕ್ಕೆ ಬರಬೇಕು, ಮುಗಿದಾಗ ಅವರ ಕೈಯಲ್ಲಿ ಒಂದು ಪಟ್ಟಿಯೋ ನಕ್ಷೆಯೋ ಲೆಕ್ಕವೋ ಉಳಿಯಬೇಕು. ಬರೀ ಸ್ವಚ್ಛತಾ ಅಭಿಯಾನ ಬೇಡ ಎನ್ನುತ್ತೇನೆ. ಕಸ ಹೆಕ್ಕುವುದು ಒಳ್ಳೆಯದೇ, ಆದರೆ ಪೊರಕೆ ಹಿಡಿದು ಫೋಟೊ ತೆಗೆಸಿಕೊಂಡು ಮುಗಿಯುವ ಕೆಲಸದಿಂದ ಹುಡುಗರು ಬೇಸತ್ತಿದ್ದಾರೆ.

ಹೊಳೆಯಂಚಿನ ಊರು ಎಂದಿದ್ದೀರಿ. ಹಾಗಾದರೆ ಮಳೆಗಾಲದ ಕೆಲಸವೇ ನಿಮಗೆ ಸರಿ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದದ್ದು ನಮಗ್ಯಾರಿಗೂ ಮರೆಯುವಂಥದ್ದಲ್ಲ. ಮಣ್ಣು ಗಂಗಾವಳಿಗೆ ಬಿದ್ದ ಹೊಡೆತಕ್ಕೆ ಆಚೆ ದಡದ ಉಳುವರೆಯ ಮನೆಗಳಿಗೂ ನೀರು ಅಪ್ಪಳಿಸಿತು. ಆ ವಾರ ನನ್ನ ಫೋನಿಗೆ ಬಂದ ವಿಡಿಯೊಗಳಲ್ಲಿ ಎಷ್ಟೋ ಬೇರೆ ರಾಜ್ಯದವು, ಹಳೆಯವು. ಶಿರಸಿಯಲ್ಲಿ ಕೂತ ನನಗೇ ಯಾವುದು ನಿಜ ಎಂದು ತಿಳಿಯಲಿಲ್ಲ. ಹೊಳೆ ದಡದಲ್ಲಿದ್ದವರ ಪಾಡು ಹೇಗಿದ್ದೀತು.

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆ ಬಂದ್. ಮಲ್ಪೆ, ಗೋವಾ ಕಡೆ ಬೋಟಿಗೆ ಹೋದ ಹುಡುಗರು ಮನೆಯಲ್ಲಿ ಇರುತ್ತಾರೆ. ಹೊಳೆಯ ಸುಳಿ, ಸೆಳೆತ, ಭರತ ಇಳಿತ ಅವರಿಗೆ ಗೊತ್ತಿರುವಷ್ಟು ಕಾಲೇಜು ಓದುವವರಿಗೆ ಗೊತ್ತಿಲ್ಲ. ಮಳೆ ಜಾಸ್ತಿ ಬರುವುದೂ ಅದೇ ಎರಡು ತಿಂಗಳು. ಊರಿಗೆ ಇವರು ಬೇಕಾದ ಹೊತ್ತಿಗೇ ಇವರಿಗೆ ಬಿಡುವು. ಆದರೂ ಯುವಕ ಸಂಘದ ಲೆಕ್ಕದಲ್ಲಿ ಇವರು ಎಲ್ಲೂ ಇರುವುದಿಲ್ಲ, ಓದು ಬಿಟ್ಟವರು ಎಂದು. ದಯವಿಟ್ಟು ಇವರಿಂದಲೇ ಶುರು ಮಾಡಿ.

ಮೇ ತಿಂಗಳಲ್ಲೇ ಮೂರು ಕೆಲಸ ಆಗಬೇಕು. ಒಂದು, ಸೇತುವೆಯ ಕಂಬದ ಮೇಲೆ ಅಳತೆಯ ಗುರುತು ಬಳಿಯುವುದು. ಪಂಚಾಯಿತಿಗೆ ಹೇಳಿಯೇ ಮಾಡಿ. ಹಿಂದಿನ ನೆರೆಯಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಹಿರಿಯರು ತೋರಿಸಲಿ, ಅಲ್ಲಿ ಕೆಂಪು ಗೆರೆ. ದಿನಾ ಬೆಳಿಗ್ಗೆ, ಸಂಜೆ ದೂರದಿಂದ ಒಂದು ಫೋಟೊ ತೆಗೆದು ಊರಿನ ಗುಂಪಿಗೆ ಹಾಕುವುದು ಇಬ್ಬರ ಪಾಳಿ. ನೀರು ಜೋರಿದ್ದ ದಿನ ದಡಕ್ಕೆ ಇಳಿಯುವಂತಿಲ್ಲ, ಇದನ್ನು ಕಟ್ಟುನಿಟ್ಟಾಗಿ ಹೇಳಿ. ಎರಡು, ಮನೆಗಳ ಪಟ್ಟಿ. ಹಾಸಿಗೆ ಹಿಡಿದವರು ಯಾವ ಮನೆಯಲ್ಲಿ, ಗರ್ಭಿಣಿ ಎಲ್ಲಿ, ದೋಣಿ ಯಾರ ಹತ್ತಿರ, ಎತ್ತರದ ಜಾಗದಲ್ಲಿ ಕೀಲಿ ಸಿಗುವ ಕಟ್ಟಡ ಯಾವುದು. ಕಂಪ್ಯೂಟರಿನಲ್ಲಿ ತುಂಬಿ, ಕಾಗದದಲ್ಲೂ ಎರಡು ಪ್ರತಿ ಇರಲಿ. ನೆರೆಯ ದಿನ ಕರೆಂಟ್ ಇರುವುದಿಲ್ಲ. ಮೂರು, ಊರಿನ ನಕ್ಷೆ. ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ನಕ್ಷೆಯನ್ನು ಯಾರು ಬೇಕಾದರೂ ತಿದ್ದಬಹುದು. ಕಾಲುಸಂಕ (ತೋಡು ದಾಟುವ ಕಿರುಸೇತುವೆ), ಒಳದಾರಿ, ಕೇರಿಯ ಹೆಸರು ಅಲ್ಲಿ ಸೇರಿಸಿದರೆ ಬೇರೆ ಊರಿನಿಂದ ಬಂದ 108ರ ಚಾಲಕನಿಗೂ ದಾರಿ ತೋರಿಸಬಹುದು. ಯಾವ ದಾರಿ ಮಳೆಗಾಲದಲ್ಲಿ ಮುಳುಗುತ್ತದೆ ಎಂದು ಹುಡುಗರಿಗೆ ಹೇಳುವವರು ನೀವು. ನಿಮ್ಮ ವಯಸ್ಸಿನವರ ಕೆಲಸ ಇಲ್ಲಿದೆ.

ಊರಿನ ವಾಟ್ಸಾಪ್ ಗುಂಪಿಗೆ ಒಂದು ನಿಯಮ ಹಾಕಿ. ಯಾರು ಹೇಳಿದ್ದು, ಯಾವತ್ತು, ಯಾವ ಜಾಗ ಎಂಬ ಮೂರು ಇಲ್ಲದ ಸುದ್ದಿ ಮುಂದೆ ಹೋಗಬಾರದು. ಹವಾಮಾನ ಇಲಾಖೆಯ ಹಳದಿ ಎಂದರೆ ಗಮನವಿಡಿ, ಕಿತ್ತಳೆ ಎಂದರೆ ತಯಾರಾಗಿ, ಕೆಂಪು ಎಂದರೆ ಈಗಲೇ ಕ್ರಮ ತೆಗೆದುಕೊಳ್ಳಿ. ಸಮುದ್ರದ ಅಲೆಯ ಎಚ್ಚರಿಕೆ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆಯಿಂದ ಬರುತ್ತದೆ. ವಿಪತ್ತು ನಿರ್ವಹಣಾ ಪ್ರಾಧಿಕಾರದ ಸಚೇತ್ ಆ್ಯಪ್ ಕೂಡ ಇದೆ. ಇಬ್ಬರು ಹುಡುಗಿಯರು ಇವನ್ನು ದಿನಾ ನೋಡಿ, ಎರಡು ಸಾಲಿನ ಸರಳ ಕನ್ನಡದಲ್ಲಿ ಬರೆದು, ಕೊಂಕಣಿಯಲ್ಲಿ ಒಂದು ಧ್ವನಿ ಸಂದೇಶ ಮಾಡಿ ಹಾಕಲಿ. ಓದಲು ಬಾರದವರಿಗೆ ಧ್ವನಿಯೇ ಸರಿ.

ಮಳೆ ಕಳೆದ ಮೇಲೆ ಲೆಕ್ಕದ ಕೆಲಸ. ಕೇಂದ್ರ ಸರ್ಕಾರದ ಇ-ಗ್ರಾಮಸ್ವರಾಜ್ ಜಾಲತಾಣ 2020ರ ಏಪ್ರಿಲ್ 24ರಿಂದ ಇದೆ. ರಾಜ್ಯ, ಜಿಲ್ಲೆ, ತಾಲೂಕು, ಗ್ರಾಮ ಪಂಚಾಯಿತಿ, ವರ್ಷ ಆರಿಸಿದರೆ ನಿಮ್ಮ ಪಂಚಾಯಿತಿಯ ಯೋಜನೆ ಮತ್ತು ಖರ್ಚು ಕಾಣುತ್ತದೆ. ಪಾಸ್‌ವರ್ಡ್ ಬೇಡ. ಎಲ್ಲವನ್ನೂ ಒಟ್ಟಿಗೆ ನೋಡಲು ಹೋದರೆ ತಲೆ ತಿರುಗುತ್ತದೆ. ಒಂದೇ ಕೆಲಸ ಆರಿಸಿ. ಒಂದು ಕಾಲುಸಂಕದ ದುರಸ್ತಿ ಎಂದಿಟ್ಟುಕೊಳ್ಳಿ. ಎಷ್ಟು ಹಣ, ಯಾವಾಗ ಪಾವತಿ ಎಂದು ಬರೆದುಕೊಂಡು, ಫೋನ್ ಹಿಡಿದು ಆ ಕಾಲುಸಂಕದ ಹತ್ತಿರ ನಡೆದು ಹೋಗಲಿ. ಹಲಗೆ ಎಣಿಸಲಿ. ಅಲ್ಲಿ ದಾಟುವ ಶಾಲೆ ಮಕ್ಕಳ ತಾಯಂದಿರನ್ನು ಮಾತಾಡಿಸಲಿ. ಆಮೇಲೆ ಪಿಡಿಒ ಹತ್ತಿರ ಹೋಗಿ ವಿನಯವಾಗಿ ಕೇಳಲಿ. ಎಷ್ಟೋ ಸಲ ಸರಿಯಾದ ಕಾರಣ ಇರುತ್ತದೆ, ಕೇಳುವವರಿಲ್ಲದೆ ಹೇಳಿರುವುದಿಲ್ಲ. ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕು ಇದೆ. 2005ರ ಕಾಯ್ದೆ, ಶುಲ್ಕ 10 ರೂಪಾಯಿ, 30 ದಿನದೊಳಗೆ ಉತ್ತರ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಈ 150 ಪದದ ಮಿತಿ ನನಗೆ ಇಷ್ಟವಿಲ್ಲ. ಆದರೆ ಚಿಕ್ಕದಾಗಿ, ಸ್ಪಷ್ಟವಾಗಿ ಕೇಳುವುದನ್ನು ಕಲಿಸಲು ಅದು ಒಳ್ಳೆಯ ಅಭ್ಯಾಸವಾಗುತ್ತದೆ.

ಒಂದು ವಿಷಯ ಮುಚ್ಚಿಡುವುದಿಲ್ಲ. ಪಂಚಾಯಿತಿಯ ಲೆಕ್ಕ ನೋಡಲು ಕಲಿತ ಹುಡುಗರು ಮೊದಲು ನಿಮ್ಮ ಸಂಘದ ಲೆಕ್ಕ ಕೇಳುತ್ತಾರೆ. ಚೌತಿಯ ದೇಣಿಗೆ ಎಷ್ಟು, ಉಳಿದದ್ದು ಎಲ್ಲಿ ಎನ್ನುತ್ತಾರೆ. ಅವರು ಕೇಳುವ ಮೊದಲೇ ನೀವೇ ಪುಸ್ತಕ ತೆಗೆದು ಮುಂದಿಡಿ. ಅವರಲ್ಲೇ ಒಬ್ಬರನ್ನು ಖಜಾಂಚಿ ಮಾಡಿ, ಆದರೆ ಹುಡುಗಿಯಾಗಿರಲಿ.

ಹುಡುಗಿಯರು ಬರುವುದಿಲ್ಲ ಎಂದಿರಲ್ಲ, ಸಭೆ ಎಷ್ಟು ಗಂಟೆಗೆ ಇಡುತ್ತೀರಿ? ರಾತ್ರಿ ಎಂಟಕ್ಕೆ, ಸಂಘದ ಕಟ್ಟಡದಲ್ಲಿ, ಗಂಡಸರೇ ಕೂತಿರುವ ಕಡೆಗೆ ಯಾವ ಮನೆಯವರು ಮಗಳನ್ನು ಕಳಿಸುತ್ತಾರೆ? ಭಾನುವಾರ ಬೆಳಿಗ್ಗೆ ಹತ್ತಕ್ಕೆ ಶಾಲೆಯಲ್ಲೋ ಗ್ರಂಥಾಲಯದಲ್ಲೋ ಇಡಿ. ಮೊದಲ ಸಲ ಒಬ್ಬ ಆಶಾ ಕಾರ್ಯಕರ್ತೆಯನ್ನೋ ಅಂಗನವಾಡಿ ಟೀಚರನ್ನೋ ಕರೆಯಿರಿ, ತಾಯಂದಿರಿಗೆ ಧೈರ್ಯ ಬರುತ್ತದೆ. ಎಷ್ಟೋ ಮನೆಯಲ್ಲಿ ಅಣ್ಣನಿಗೆ ಫೋನ್ ಇರುತ್ತದೆ, ತಂಗಿಗೆ ಇರುವುದಿಲ್ಲ. ಅವಳಿಗೆ ನಿಮ್ಮ ಎರಡು ಕಂಪ್ಯೂಟರ್ ಬಹಳ ದೊಡ್ಡದು. ವಾರದಲ್ಲಿ ಮೂರು ಸಂಜೆ ನಾಲ್ಕೂವರೆಯಿಂದ ಆರರವರೆಗೆ ಹುಡುಗಿಯರಿಗೇ ಮೀಸಲಿಡಿ. ಸಂಘದ ಹೆಸರಿನ ಫಲಕದಲ್ಲಿ ಯುವಕ ಎಂದು ಮಾತ್ರ ಇದ್ದರೆ, ಯುವಕ ಯುವತಿ ಸಂಘ ಎಂದು ಬರೆಸಿ. ಬಣ್ಣದ ಖರ್ಚು ಹೆಚ್ಚಿಲ್ಲ.

ಜಾಗದ ವಿಷಯ ಇನ್ನೊಂದಿದೆ. ಒಂದೇ ಕೇರಿಯ ದೇವಸ್ಥಾನದ ಅಂಗಳದಲ್ಲಿ ಸಭೆಯಾದರೆ ಉಳಿದ ಕೇರಿಯವರು ಬರುವುದಿಲ್ಲ. ಬರಬೇಡಿ ಎಂದು ಯಾರೂ ಹೇಳಬೇಕಾಗಿಲ್ಲ, ಅವರಿಗೇ ಹಿಂಜರಿಕೆ. ಹಾಲಕ್ಕಿ ಕೇರಿ, ಅಂಬಿಗರ ಕೇರಿ, ಮುಕ್ರಿ ಕೇರಿ, ಮುಸ್ಲಿಂ ಮನೆಗಳು, ಎಲ್ಲ ಕಡೆಯಿಂದ ಕನಿಷ್ಠ ಇಬ್ಬರು ಮೊದಲ ದಿನವೇ ಇರಬೇಕು. ನೀವೇ ಮನೆಗೆ ಹೋಗಿ ಕರೆಯಬೇಕು. ವಾಟ್ಸಾಪ್ ಆಮಂತ್ರಣ ಸಾಲದು. ಅವರವರ ಮಾತಿನಲ್ಲೇ ಮಾತಾಡಲಿ, ಬರೆಯುವವರು ಕನ್ನಡದಲ್ಲಿ ಬರೆದುಕೊಳ್ಳಲಿ. ಅಂಕೋಲೆಯ ಬಡಿಗೇರಿಯ ಸುಕ್ರಿ ಬೊಮ್ಮಗೌಡ ಅವರಿಗೆ 2017ರಲ್ಲಿ ಪದ್ಮಶ್ರೀ ಬಂದದ್ದು ಹಾಲಕ್ಕಿ ಹಾಡುಗಳ ಭಂಡಾರಕ್ಕೆ. ಅದೇ ಸುಕ್ರಜ್ಜಿ ಸಾರಾಯಿ ವಿರುದ್ಧ ಊರಿನ ಹೆಂಗಸರನ್ನು ಕಟ್ಟಿದವರೂ ಹೌದು. ಶಾಲೆಗೆ ಹೋಗದ ಅವರ ಮಾತಿಗೆ ಇಡೀ ಊರು ಕಿವಿಗೊಟ್ಟಿತು.

ಬೆಂಗಳೂರು, ಪುಣೆಯಲ್ಲಿರುವ ನಿಮ್ಮೂರ ಮಕ್ಕಳನ್ನೂ ಬಿಡಬೇಡಿ. ಹಬ್ಬಕ್ಕೆ ದೇಣಿಗೆ ಕೇಳುವ ಬದಲು ಭಾನುವಾರ ಸಂಜೆ ಒಂದು ಗಂಟೆ ಕೇಳಿ. ವಿಡಿಯೊ ಕರೆಯಲ್ಲಿ ಎಕ್ಸೆಲ್ ಹೇಳಿಕೊಡಲು ಅಷ್ಟು ಸಾಕು.

ಹುಡುಗರ ಕೈಗೆ ಊರಿನವರ ಕಾಗದಪತ್ರ ಬರುತ್ತದೆ. ಹಾಗಾಗಿ ಈ ಮಾತನ್ನು ಮೊದಲ ದಿನವೇ ಹೇಳಬೇಕು, ಬರೆದು ಗೋಡೆಗೆ ಅಂಟಿಸಬೇಕು. ಯಾರ ಆಧಾರ್ ಫೋಟೊವನ್ನೂ ತಮ್ಮ ಫೋನಿನಲ್ಲಿ ಇಟ್ಟುಕೊಳ್ಳುವಂತಿಲ್ಲ. ಪ್ರತಿ ಬೇಕಾದ ಕಡೆ, ಮೊದಲ ಎಂಟು ಅಂಕಿ ಮುಚ್ಚಿದ ಆಧಾರ್ ಸಾಕಾಗುತ್ತದಾ ಎಂದು ಕೇಳಲಿ. ಒಟಿಪಿಯನ್ನು ಅದರ ಒಡೆಯರೇ ಒತ್ತಬೇಕು, ಆ ಅಜ್ಜಿಯ ಹಾಗೆ. ಸಹಾಯಕ್ಕೆ ಹಣ ತೆಗೆದುಕೊಳ್ಳುವಂತಿಲ್ಲ. ಊರಿನ ಪಟ್ಟಿಯನ್ನು ಯಾವ ಅಭ್ಯರ್ಥಿಗೂ, ಯಾವ ಪಕ್ಷಕ್ಕೂ ಕೊಡುವಂತಿಲ್ಲ, ಅವರು ನಿಮ್ಮ ಸ್ವಂತ ಭಾವನಾದರೂ ಸರಿ. ಒಂದು ಸಲ ಕೊಟ್ಟರೆ ಮುಂದೆ ಯಾವ ಮನೆಯವರೂ ಬಾಗಿಲು ತೆರೆಯುವುದಿಲ್ಲ. ವಿಡಿಯೊ ಕರೆಯಲ್ಲಿ ಡಿಜಿಟಲ್ ಅರೆಸ್ಟ್ ಎಂದು ಹೆದರಿಸಿದರೆ ಅದು ಮೋಸ, ಅಂಥ ಬಂಧನ ಕಾನೂನಿನಲ್ಲೇ ಇಲ್ಲ. ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಅಂಕೋಲೆಯ ಉಪ್ಪಿನ ಸತ್ಯಾಗ್ರಹದ ವರ್ಷವೂ ಅದೇ ಎಂದು ಹೇಳಿಕೊಡಿ, ನಮ್ಮ ಕಡೆಯ ಮಕ್ಕಳು ಆ ನಂಬರ್ ಮರೆಯುವುದಿಲ್ಲ.

ಮತದಾರರ ಪಟ್ಟಿಯ ಕೆಲಸ ಸುಲಭ. ಒಂದು ವಾರದಲ್ಲಿ ಮುಗಿಸಬಹುದು. ಹೊಸ ಹೆಸರಿಗೆ ನಮೂನೆ 6, ತಿದ್ದುಪಡಿಗೆ ಮತ್ತು ವಿಳಾಸ ಬದಲಾವಣೆಗೆ ನಮೂನೆ 8. ಈಗ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ 1 ಎಂದು ವರ್ಷಕ್ಕೆ ನಾಲ್ಕು ಅರ್ಹತಾ ದಿನ. 17 ತುಂಬಿದವರು ಮುಂಗಡವಾಗಿ ಅರ್ಜಿ ಹಾಕಬಹುದು. ಪಂಚಾಯಿತಿ ಚುನಾವಣೆಗೆ ನಿಲ್ಲಲು 21 ಸಾಕು ಎಂಬುದನ್ನೂ ಹೇಳಿ, ಬಹಳ ಹುಡುಗಿಯರಿಗೆ ಅದು ಗೊತ್ತಿಲ್ಲ. ಪ್ರಮಾಣಪತ್ರ ಬೇಕೆನ್ನುವವರು 15ರಿಂದ 29 ವಯಸ್ಸಿನವರಾದರೆ ಕೇಂದ್ರ ಸರ್ಕಾರದ ಯುವಜನರ ಮೈ ಭಾರತ್ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಲಿ.

ಫೋನಿನಿಂದ ಏನಾಗುತ್ತದೆ ಎಂದು ನಿಮ್ಮ ಸಂಘದ ಹಿರಿಯರು ಕೇಳಬಹುದು. 2019ರಲ್ಲಿ ಉತ್ತರ ಕನ್ನಡಕ್ಕೆ ತುರ್ತು ಚಿಕಿತ್ಸೆಯ ಆಸ್ಪತ್ರೆ ಬೇಕು ಎಂದು ಟ್ವಿಟರ್‌ನಲ್ಲಿ ಎದ್ದ ಕೂಗನ್ನು ನೆನಪಿಸಿ. ಅದನ್ನು ಎಬ್ಬಿಸಿದವರಲ್ಲಿ ಹೆಚ್ಚಿನವರು ಹುಡುಗ ಹುಡುಗಿಯರೇ. 2022ರ ಜುಲೈಯಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಕಡೆಯ ಶಿರೂರು ಟೋಲ್‌ನಲ್ಲಿ ಅಪಘಾತವಾದಾಗ ಆ ಕೂಗು ಮತ್ತೆ ಎದ್ದಿತು. ಇದು ಬೇರೆ ಶಿರೂರು, ಗುಡ್ಡ ಕುಸಿದದ್ದಲ್ಲ. ಜಿಲ್ಲೆಯ ನೋವು ರಾಜ್ಯಕ್ಕೆ ಕೇಳಿಸಿದ್ದು ಆ ಫೋನುಗಳಿಂದ. ನನ್ನ ಕೊರಗು ಒಂದೇ. ಕೂಗಿನ ಜೊತೆಗೆ ಪ್ರತಿ ಗ್ರಾಮಸಭೆಯಲ್ಲಿ ಒಂದೊಂದು ಠರಾವು ಬಿದ್ದಿದ್ದರೆ, ಯಾವ ಹಳ್ಳಿಯಿಂದ ಎಷ್ಟು ಹೊತ್ತಿಗೆ ಯಾವ ಆಸ್ಪತ್ರೆ ತಲುಪುತ್ತೇವೆ ಎಂಬ ಲೆಕ್ಕ ಕೈಯಲ್ಲಿದ್ದಿದ್ದರೆ, ಆ ಮಾತಿಗೆ ಇನ್ನೂ ತೂಕ ಬರುತ್ತಿತ್ತು. ಗ್ರಾಮಸಭೆ ಆರು ತಿಂಗಳಿಗೆ ಒಮ್ಮೆಯಾದರೂ ಆಗಲೇಬೇಕು. ಅಲ್ಲಿ ಬರೆದದ್ದು ದಾಖಲೆಯಾಗುತ್ತದೆ. ಟ್ರೆಂಡ್ ಎರಡು ದಿನಕ್ಕೆ ಇಳಿಯುತ್ತದೆ.

ಮೊದಲ ಆರು ತಿಂಗಳು ಹತ್ತು ಜನ ಬಂದರೆ ಸಾಕು. ಅದರಲ್ಲಿ ಮೂವರು ಬಿಡುತ್ತಾರೆ, ಪರೀಕ್ಷೆ ಎಂದೋ ಕೆಲಸ ಸಿಕ್ಕಿತು ಎಂದೋ. ಬೇಜಾರು ಮಾಡಿಕೊಳ್ಳಬೇಡಿ. ತಪ್ಪು ಮಾಡುತ್ತಾರೆ. ಪಟ್ಟಿಯಲ್ಲಿ ಹೆಸರು ಬಿಟ್ಟುಹೋಗುತ್ತದೆ, ಸಭೆಯಲ್ಲಿ ಜೋರಾಗಿ ಮಾತಾಡುತ್ತಾರೆ. ಎಲ್ಲರ ಎದುರು ಗದರಬೇಡಿ. ಆಮೇಲೆ ಹೊಳೆಯ ಕಡೆ ನಡೆಯುತ್ತಾ ಹೇಳಿ.

ಇನ್ನು ಆ ಕಂಪ್ಯೂಟರ್ ಕೋಣೆ. ನಮ್ಮ ಕಡೆಯ ತೇವಕ್ಕೆ, ಉಪ್ಪು ಗಾಳಿಗೆ ಮುಚ್ಚಿಟ್ಟ ಯಂತ್ರ ಬೇಗ ಹಾಳಾಗುತ್ತದೆ. ಮಳೆಗಾಲದಲ್ಲಿ ದಿನಕ್ಕೆ ಒಂದು ಗಂಟೆಯಾದರೂ ಚಾಲೂ ಇದ್ದರೆ ಒಳಗಿನ ಬಿಸಿಗೆ ತೇವ ಕೂರುವುದಿಲ್ಲ. ನೆಲದಿಂದ ಎತ್ತರದಲ್ಲಿಡಿ, ಒಂದು ಯುಪಿಎಸ್ ಹಾಕಿಸಿ, ಗುಡುಗು ಬಂದಾಗ ಪ್ಲಗ್ ಕೀಳಲು ಹೇಳಿ. ಬೀಗದ ಕೀಲಿ ಈಗ ನಿಮ್ಮ ಹತ್ತಿರ ಒಂದೇ ಇದೆ ಎಂದು ಕಾಣುತ್ತದೆ. ಕುಮಟೆಯ ಪೇಟೆಗೆ ಹೋದಾಗ ಇನ್ನೆರಡು ಮಾಡಿಸಿ. ಒಂದು ಬೋಟಿಗೆ ಹೋಗುವ ಹುಡುಗನ ಮನೆಯಲ್ಲಿರಲಿ, ಒಂದು ನಿಮ್ಮ ಹೊಸ ಖಜಾಂಚಿಯ ಹತ್ತಿರ.